ಸುಶೀಲಾ ಕಾಕುವಿನ ಮೇಲ್ಮನವಿ

ಮೊನ್ನೆ ಸ್ಯಾನ್ ಡಿಯೇಗೋದ ಮೀರಾ ಮೆಸಾ ಬಡಾವಣೆಯ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಪಾರ್ಸೆಲ್ ವಾಪಸ್ ಕಳಿಸಲು ಸರದಿಯಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಹೆಂಗಸು ತನ್ನ ಹೋಟೆಲಿನ ಮೆನು ಕಾರ್ಡುಗಳನ್ನು ಲ್ಯಾಮಿನೇಟ್ ಮಾಡಿಸುತ್ತಿದ್ದಳು. ಯಂತ್ರದ ಬಾಯಿಂದ ಒಂದೊಂದೇ ಕಾರ್ಡು ಬಿಸಿಬಿಸಿಯಾಗಿ, ಸಂಡಿಗೆಯ ಹಾಗೆ ಹೊರಬರುತ್ತಿತ್ತು. ಬಿಸಿ ಪ್ಲಾಸ್ಟಿಕ್ಕಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸುಶೀಲಾ ಕಾಕು ನೆನಪಾದರು. ಈ ವಾಸನೆಗೆ ನಿಮಗೆ ಯಾರೂ ನೆನಪಾಗದಿದ್ದರೆ ನೀವು ಪುಣ್ಯವಂತರು. ನಿಮ್ಮ ಮನೆತನದಲ್ಲಿ ಗುಮಾಸ್ತರಿಲ್ಲ ಎಂದು ಅರ್ಥ.

ಕಾಕು ಎಂದರೆ ನಮ್ಮ ಕಡೆ ಚಿಕ್ಕಪ್ಪನ ಹೆಂಡತಿ. ಸುಶೀಲಾ ಕಾಕು ಗದಗಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿ, ಗುಮಾಸ್ತೆಯಾಗಿಯೇ ನಿವೃತ್ತರಾದವರು. ಹೊಲ ಮಾರುವವರು, ಮನೆ ಕೊಳ್ಳುವವರು, ಮನೆಯವರ ಕಣ್ಣು ತಪ್ಪಿಸಿ ಬಂದು ಮದುವೆ ನೋಂದಾಯಿಸುವವರು, ಎಲ್ಲರೂ ಅವರ ಮೇಜಿನ ಮುಂದೆ ನಿಂತು ಹೋದವರೇ. ಕಾಕಾ ಬೇಗ ತೀರಿಕೊಂಡರು. ಆಮೇಲೆ ಕಾಕು ಒಬ್ಬಳೇ ಮಗಳನ್ನು ಬೆಳೆಸಿದ್ದು ಸಂಬಳದಿಂದ, ಬದುಕನ್ನು ನಂಬಿದ್ದು ಕಾಗದದಿಂದ. ದೇವರ ಮುಂದೆ ಕೂರುತ್ತಿದ್ದುದಕ್ಕಿಂತ ಹೆಚ್ಚು ಹೊತ್ತು ಅವರು ಕಾಗದಪತ್ರದ ಟ್ರಂಕಿನ ಮುಂದೆ ಕೂರುತ್ತಿದ್ದರು. ಅದರಲ್ಲಿದ್ದ ಪ್ರತಿಯೊಂದೂ ಲ್ಯಾಮಿನೇಟ್ ಆದದ್ದು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೂ ನನ್ನನ್ನು ಕೇಳದೆ ಮಾಡಿಸಿಬಿಟ್ಟಿದ್ದರು. ಆ ಗಣಿತದ ಅಂಕಗಳು ಈಗ ಪ್ರಳಯವಾದರೂ ಅಳಿಸುವುದಿಲ್ಲ.

ಆ ಒಬ್ಬಳೇ ಮಗಳು ಮೇಘನಾ. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಪಿಎಚ್‌ಡಿ ಮಾಡಲು ಸ್ಯಾನ್ ಡಿಯೇಗೋಗೆ ಬಂದು, ಯೂನಿವರ್ಸಿಟಿ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ಉಳಿದು, ಸೊರೆಂಟೊ ವ್ಯಾಲಿಯ ಒಂದು ಬಯೋಟೆಕ್ ಕಂಪನಿಯಲ್ಲಿ ಇಲಿಗಳ ಕಾಯಿಲೆ ವಾಸಿ ಮಾಡುವ ಕೆಲಸಕ್ಕೆ ಸೇರಿದಳು. ಅದೇ ವ್ಯಾಲಿಯಲ್ಲಿ ನನ್ನದು ಚಿಪ್ ಡಿಸೈನ್ ಕೆಲಸ. ವಾರಕ್ಕೊಮ್ಮೆ ಅಣ್ಣ ತಂಗಿ ಕೂಡಿ ಊಟ ಮಾಡುತ್ತಿದ್ದೆವು. ಅಂಥ ಒಂದು ಊಟಕ್ಕೆ ಅವಳು ಮಾರಿಸೋಲ್ ಎಂಬ ಹುಡುಗಿಯನ್ನು ಕರೆತಂದಳು. ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿ ಬೆಳೆದವಳು, ಇಲ್ಲಿಯ ಶಾಲೆಯೊಂದರಲ್ಲಿ ಗಣಿತದ ಟೀಚರ್. ಎಲ್ಲರೂ ಅವಳನ್ನು ಕರೆಯುವುದು ‘ಮಾರಿ’ ಎಂದು. ಮುಂದೆ ಕಾಕುವಿಗೆ ಈ ಸಂಬಂಧದಲ್ಲಿ ಎಷ್ಟೋ ತಕರಾರುಗಳಿದ್ದವು, ಆದರೆ ಮೊದಲನೆಯ ತಕರಾರು ಹೆಸರಿನದು. ಮನೆಗೆ ಮಾರಿ ಬಂತು ಎಂದು ಜನಕ್ಕೆ ಹೇಗೆ ಹೇಳುವುದು?

ನಾನು ಹೇಗೂ ಹೇಳುತ್ತಿರಲಿಲ್ಲ. ನಾನು ಬಹಳ ಉದಾರ ಮನಸ್ಸಿನವನು ಎಂಬ ನಂಬಿಕೆ ನನಗಿತ್ತು. ಅದನ್ನು ನಮ್ಮ ಮನೆಯ ಗೋಡೆಯೊಳಗೆ ಭದ್ರವಾಗಿ ಇಟ್ಟಿದ್ದೆ. ಕನ್ನಡದವರ ದೀಪಾವಳಿ ಕೂಟಕ್ಕೆ ಇಬ್ಬರೂ ಬಂದಾಗ ಮಾರಿಸೋಲಳನ್ನು ‘ಮೇಘನಾಳ ರೂಮ್‌ಮೇಟ್’ ಎಂದು ಪರಿಚಯ ಮಾಡಿಸಿದೆ. ಮರುವರ್ಷವೂ ಹಾಗೇ ಮಾಡಿದೆ. ಮೂರನೆಯ ವರ್ಷ ಮಾರಿಸೋಲ್ ಹುಬ್ಬಳ್ಳಿಯ ಒಬ್ಬ ಅಂಕಲ್‌ಗೆ ನನ್ನನ್ನು ತೋರಿಸಿ, ಇವರು ಮೇಘನಾಳ ಅಣ್ಣ ಎಂದಳು. ಪಕ್ಕದಲ್ಲಿದ್ದ ನನ್ನ ಹೆಂಡತಿಯನ್ನು ತೋರಿಸಿ, ಇವರು ಅವರ ರೂಮ್‌ಮೇಟ್ ಎಂದಳು. ನನ್ನ ಹೆಂಡತಿ ನಕ್ಕಿದ್ದಕ್ಕೆ ಅವಳ ತಟ್ಟೆಯ ಹೋಳಿಗೆ ನೆಲಕ್ಕೆ ಬಿತ್ತು. ಆ ಅಂಕಲ್ ಮಾತ್ರ ನಮ್ಮಿಬ್ಬರ ನಡುವೆ ಏನೋ ಬಿರುಕಿದೆ ಎಂದುಕೊಂಡು ಇವತ್ತಿಗೂ ನನ್ನನ್ನು ಕನಿಕರದಿಂದ ನೋಡುತ್ತಾರೆ.

ಕೋವಿಡ್ ಬಂದ ವರ್ಷ, ಆಸ್ಪತ್ರೆ ಸೇರಿದರೆ ನಮ್ಮ ಪರವಾಗಿ ಡಾಕ್ಟರ ಹತ್ತಿರ ಮಾತಾಡುವವರು ಯಾರು ಎಂಬ ಪ್ರಶ್ನೆ ಎಲ್ಲರ ಮನೆಯಲ್ಲೂ ಎದ್ದಿತ್ತಲ್ಲ, ಇವರ ಮನೆಯಲ್ಲೂ ಎದ್ದಿತು. ಇಬ್ಬರೂ ಮದುವೆಯಾಗಲು ತೀರ್ಮಾನಿಸಿದರು. ಬಂದರಿನ ಎದುರಿನ ಕೌಂಟಿ ಕಟ್ಟಡದ ಹೊರಗೆ, ಬಯಲಿನಲ್ಲಿ, ಮೂತಿಗೆ ಮಾಸ್ಕು ಕಟ್ಟಿಕೊಂಡು ಐದು ನಿಮಿಷದ ಮದುವೆ. ಕಾಗದಕ್ಕೆ ಒಬ್ಬ ಸಾಕ್ಷಿ ಬೇಕಿತ್ತು. ಸಾಕ್ಷಿ ನಾನು. ಸಹಿ ಮಾಡುವಾಗ ಹಿಂದೆ ಮುಂದೆ ನೋಡಿದೆ ಎಂದು ಒಪ್ಪಿಕೊಳ್ಳಬೇಕು. ಮಾಸ್ಕು ಕಾಯಿಲೆಯಿಂದ ಎಷ್ಟು ಜನರನ್ನು ಕಾಪಾಡಿತೋ ಗೊತ್ತಿಲ್ಲ, ಹೇಡಿಗಳನ್ನಂತೂ ಚೆನ್ನಾಗಿ ಕಾಪಾಡಿತು.

ಮೇಘನಾ ಫೋನಿನಲ್ಲಿ ವಿಷಯ ತಿಳಿಸಿದಾಗ ಕಾಕು ಫೋನಿಟ್ಟುಬಿಟ್ಟರು. ಆಮೇಲೆ ಎಂಟು ತಿಂಗಳು ಮಾತಿಲ್ಲ. ನಾನು ಫೋನ್ ಮಾಡಿದರೆ ಹವಾಮಾನದ ಬಗ್ಗೆ ಮಾತಾಡುತ್ತಿದ್ದರು. ಸ್ಯಾನ್ ಡಿಯೇಗೋದಲ್ಲಿ ಹವಾಮಾನ ಎಂಬುದೇ ಇಲ್ಲವಾದ್ದರಿಂದ ಆ ಮಾತೂ ಬೇಗ ಮುಗಿಯುತ್ತಿತ್ತು. ಒಂಬತ್ತನೆಯ ತಿಂಗಳು ಅವರು ಮಗಳಿಗೆ ಒಂದು ಮೆಸೇಜ್ ಕಳಿಸಿದರು: ಮದುವೆಯ ಸರ್ಟಿಫಿಕೇಟಿನ ಫೋಟೋ ಕಳಿಸು. ಮೇಘನಾ ಕೂಡಲೇ ಕಳಿಸಿದಳಂತೆ. ಎರಡು ದಿನ ಬಿಟ್ಟು ಉತ್ತರ ಬಂತು. ನಿಮ್ಮ ಅಪ್ಪನ ಹೆಸರಿನ ಸ್ಪೆಲಿಂಗ್ ತಪ್ಪಾಗಿದೆ, ತಿದ್ದುಪಡಿ ಮಾಡಿಸು.

ಮೇಘನಾ ಅದನ್ನು ನನಗೆ ತೋರಿಸಿ, ಇದರ ಅರ್ಥ ಏನಣ್ಣ ಎಂದು ಕೇಳಿದಳು. ಕಾಕು ನೋಂದಣಿ ಕಚೇರಿಯವರು. ರದ್ದಾಗಬೇಕಾದ ದಾಖಲೆಗೆ ಅವರು ತಿದ್ದುಪಡಿ ಹೇಳುವವರಲ್ಲ. ನಾನು ಹಾಗೆ ಹೇಳಿದ ಮೇಲೆ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ, ಕಾರಿಗೆ ಒರಗಿ, ನನ್ನ ತಂಗಿ ತುಂಬ ಹೊತ್ತು ಅತ್ತಳು.

ಇಲ್ಲಿ ಒಂದು ವಿಷಯ ಹೇಳಬೇಕು. ಈ ದೇಶದಲ್ಲಿ ಹಕ್ಕು ಎಂಬ ಮಾತು ಕಾಫಿಯಷ್ಟು ಧಾರಾಳವಾಗಿ ಸಿಗುತ್ತದೆ. ಜಾರಿ ಎಂಬುದೇ ಬೇರೆ. ಜಾರಿ ಹೇಗಿರಬೇಕೆಂದು ನೋಡಬೇಕಾದರೆ ನಾವಿರುವ ಬಡಾವಣೆ ಫೋರ್ ಎಸ್ ರ್ಯಾಂಚ್‌ಗೆ ಬನ್ನಿ. ಕಸದ ಡಬ್ಬಿಯನ್ನು ಒಂದು ದಿನ ಹೆಚ್ಚಿಗೆ ರಸ್ತೆಯಲ್ಲಿ ಬಿಟ್ಟರೆ ನಮ್ಮ ಬಡಾವಣೆಯ ಸಂಘದಿಂದ ಪತ್ರ ಬರುತ್ತದೆ. ಜೊತೆಗೆ ಡಬ್ಬಿಯ ಫೋಟೋ, ನಿಯಮದ ಸಂಖ್ಯೆ, ಉತ್ತರಿಸಲು ಗಡುವು. ನನ್ನ ಡಬ್ಬಿಯ ಫೋಟೋ ಸಂಘದವರ ಹತ್ತಿರ ಇರುವಷ್ಟು ನನ್ನ ಮಗನ ಫೋಟೋ ನನ್ನ ಹತ್ತಿರ ಇಲ್ಲ. ಸಂವಿಧಾನಕ್ಕೆ ಇಂಥ ಸಂಘ ಇಲ್ಲ. ಅಲ್ಲಿ ಬರೆದಿರುವುದನ್ನು ಓದಿಕೊಂಡು, ಯಾವುದೋ ಕೌಂಟರಿನ ಮುಂದೆ ಹೋಗಿ ನಿಂತು, ನೀವೇ ಕೇಳಬೇಕು. ಇದು ನನಗೆ ಗೊತ್ತಾದದ್ದು 2022ರಲ್ಲಿ, ಕಾಕು ಬಂದ ಮೇಲೆ.

ಆ ವರ್ಷ ಕ್ಲಿನಿಕ್ಕೊಂದರಲ್ಲಿ, ದಾನಿಯ ನೆರವಿನಿಂದ, ಮಾರಿಸೋಲ್ ಬಸುರಿಯಾದಳು. ಮೇಘನಾ ತಾಯಿಗೆ ಅಂಜುತ್ತಲೇ ಹೇಳಿದಳು. ಕಾಕು ಕೇಳಿದ್ದು ಒಂದೇ ಪ್ರಶ್ನೆ, ಬಾಣಂತನ ಯಾರು ಮಾಡತಾರ? ಮಗಳ ಪದವಿ ಪ್ರದಾನಕ್ಕೆಂದು ಪಡೆದ ವೀಸಾ ಇನ್ನೂ ಜೀವಂತವಿತ್ತು. ಬಾಣಂತಿಗೆಂದು ಅಂಟಿನ ಉಂಡಿ, ಅಳ್ವಿ ಬೀಜ, ಮಗುವಿಗೆಂದು ಬಜೆಬೇರು ಎಲ್ಲ ಕಟ್ಟಿಕೊಂಡು, ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಗೆ ಒಂದೊಂದನ್ನೂ ಪಟ್ಟಿ ಮಾಡಿ ತೋರಿಸಿ, ಕಾಕು ಬಂದಿಳಿದರು. ಮಾರಿಸೋಲಳ ಮೈಕೈ ನೋಡಿ, ಮೇಘನಾಳ ಕಡೆ ತಿರುಗಿ, ನಿನಗಿಂತ ಗಟ್ಟಿ ಇದ್ದಾಳ ಎಂದರು. ಅದಕ್ಕಿಂತ ಹೆಚ್ಚಿನ ಆಶೀರ್ವಾದ ಅವತ್ತು ಸಿಗಲಿಲ್ಲ. ಹೆಸರಿನ ಸಮಸ್ಯೆಗೆ ತಾವೇ ಪರಿಹಾರ ಕಂಡುಕೊಂಡರು, ಸೊಲ್ಲವ್ವ ಎಂದು ಕರೆದರು. ಮಾರಿಸೋಲಳಿಗೆ ಅದು ತುಂಬ ಹಿಡಿಸಿತು.

ಬಂದ ವಾರದಲ್ಲೇ ಮದುವೆಯ ಸರ್ಟಿಫಿಕೇಟ್ ಎಲ್ಲಿದೆ ಎಂದು ಕೇಳಿದರು. ಮೇಘನಾ ಅಡುಗೆಮನೆಯ ಡ್ರಾಯರಿನಿಂದ, ಪಿಜ್ಜಾ ಕೂಪನ್ನುಗಳ ನಡುವಿನಿಂದ ತೆಗೆದುಕೊಟ್ಟಳು. ಕಾಕು ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದ ನೋಟವನ್ನು ನಾನು ಮರೆಯಲಾರೆ. ಅದೇ ದಿನ ನನ್ನನ್ನು ಅಂಗಡಿಗೆ ಹೊರಡಿಸಿ ಲ್ಯಾಮಿನೇಟ್ ಮಾಡಿಸಿದರು. ಬಿಸಿ ಆರುವವರೆಗೂ ಮಡಿಲಲ್ಲಿ ಇಟ್ಟುಕೊಂಡು ಕಾರಿನಲ್ಲಿ ಕೂತಿದ್ದರು.

ಮಗು ಡಾಕ್ಟರು ಹೇಳಿದ ದಿನಕ್ಕೆ ಬರಲಿಲ್ಲ. ಮಾರಿಸೋಲ್ ಲಾಸ್ ಏಂಜಲೀಸ್‌ನಲ್ಲಿರುವ ತಾಯಿಯ ಮನೆಗೆ ಎರಡು ದಿನಕ್ಕೆಂದು ಹೋಗಿದ್ದಳು. ಮೂರು ವಾರ ಮುಂಚೆಯೇ ನೋವು ಬಂತು. ನಾನು ಮೇಘನಾಳನ್ನೂ ಕಾಕುವನ್ನೂ ಕೂರಿಸಿಕೊಂಡು ಡ್ರೈವ್ ಮಾಡಿದೆ. ನಾವು ಮುಟ್ಟುವಷ್ಟರಲ್ಲಿ ಹೆಣ್ಣುಮಗು ಹುಟ್ಟಿ ಅರ್ಧ ಗಂಟೆಯಾಗಿತ್ತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಮೇಘನಾ ಮಗುವನ್ನು ಎತ್ತಿಕೊಂಡು ಕಿಟಕಿಯ ಕಡೆ ಮುಖ ಮಾಡಿ ನಿಂತುಬಿಟ್ಟಳು.

ಮರುದಿನ ಬೆಳಗ್ಗೆ ಜನನ ಪ್ರಮಾಣಪತ್ರದ ಮಾಹಿತಿ ತುಂಬಿಕೊಳ್ಳಲು ಆಸ್ಪತ್ರೆಯ ಒಬ್ಬ ಕ್ಲರ್ಕ್ ಬಂದಳು. ಇಪ್ಪತ್ತೈದರ ಹುಡುಗಿ, ಕೆಲಸಕ್ಕೆ ಹೊಸಬಳು. ಕೆಟ್ಟವಳಲ್ಲ. ಮಗುವಿಗೆ ಅಭಿನಂದನೆ ಹೇಳಿದಳು, ನೀಲಾ ಎಂಬ ಹೆಸರು ಮುದ್ದಾಗಿದೆ ಎಂದಳು. ಹೆತ್ತವಳ ವಿವರ ಬರೆದುಕೊಂಡಳು. ಎರಡನೆಯ ಪಾಲಕರ ಸಾಲಿಗೆ ಬಂದಾಗ ಮೇಘನಾ ತನ್ನ ಹೆಸರು ಹೇಳಿದಳು. ಹುಡುಗಿ ಪೆನ್ನು ನಿಲ್ಲಿಸಿದಳು. ಹೆತ್ತವರಲ್ಲದವರ ಹೆಸರು ಸೇರಿಸಲು ಕೋರ್ಟಿನ ಆದೇಶ ಬೇಕು, ಸದ್ಯಕ್ಕೆ ಆ ಸಾಲು ಖಾಲಿ ಬಿಡೋಣ, ಆಮೇಲೆ ಸೇರಿಸಿಕೊಳ್ಳಬಹುದು ಎಂದಳು.

ನಾವು ಮದುವೆಯಾಗಿದ್ದೇವೆ ಎಂದು ಮೇಘನಾ ಹೇಳಿದಳು. ಹುಡುಗಿ ತಲೆಯಾಡಿಸಿ, ನನಗೆ ಹೀಗೆಯೇ ಹೇಳಿಕೊಟ್ಟಿದ್ದಾರೆ ಎಂದಳು. ಮೇಘನಾಳ ಮುಖ ನೋಡಲಾಗಲಿಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟವಳು, ಕೈಯಲ್ಲಿ ಮಗು. ಆಮೇಲೆ ಸೇರಿಸಿದರಾಯಿತು ಬಿಡು ಎಂದು ಕನ್ನಡದಲ್ಲಿ ಅವಳಿಗೆ ಹೇಳಿದವನು ನಾನೇ. ಗೊಂದಲ ಬೇಡ, ಜನ ಒಳ್ಳೆಯವರು, ಹುಡುಗಿ ಪಾಪ. ನನ್ನ ಉದಾರ ಮನಸ್ಸು ಎಲ್ಲರ ಪರವಾಗಿಯೂ ಇತ್ತು, ನನ್ನ ತಂಗಿಯೊಬ್ಬಳನ್ನು ಬಿಟ್ಟು.

ಮೂಲೆಯ ಕುರ್ಚಿಯಲ್ಲಿದ್ದ ಕಾಕು ಏನಾಯಿತು ಎಂದು ಕೇಳಿದರು. ಹೇಳಿದೆ. ಅವರು ಕುರ್ಚಿಯನ್ನು ಎಳೆದುಕೊಂಡು ಆ ಹುಡುಗಿಯ ಎದುರಿಗೆ ಬಂದು ಕೂತರು.

“ಯಾವ ಕಾಯ್ದೆ, ಯಾವ ಕಲಂ, ಕೇಳು ಆಕಿನ್ನ,” ಎಂದರು.

ನಾನು ಹುಡುಗಿಗೆ, ಈ ನಿಯಮದ ಬಗ್ಗೆ ಸ್ವಲ್ಪ ಮಾಹಿತಿ ಸಿಗಬಹುದೇ ಎಂದು ಇವರು ಕೇಳುತ್ತಿದ್ದಾರೆ ಎಂದೆ. ಹುಡುಗಿ ನಕ್ಕು, ಇದು ಇಲ್ಲಿಯ ಪದ್ಧತಿ ಎಂದಳು. ನಾನು ಅನುವಾದಿಸಿದೆ.

“ಪದ್ಧತಿ ಅಲ್ಲ, ಕಲಂ. ಇಲ್ಲಾಂದ್ರ ಆಗೂದಿಲ್ಲ ಅಂತ ಒಂದು ಹಾಳ್ಯಾಗ ಬರದು, ಸಹಿ ಮಾಡಿ, ತಾರೀಖು ಹಾಕಿ ಕೊಡು ಅನ್ನು.”

ಇದನ್ನು ನಾನು ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಅದು, ತೊಂದರೆಯಿಲ್ಲದಿದ್ದರೆ ಒಂದು ಚೀಟಿ ಕೊಡಬಹುದೇ, ಎಂದಾಗಿಬಿಟ್ಟಿತ್ತು. ಕಾಕು ನನ್ನ ಕಡೆ ತಿರುಗಿದರು. ಜೀವಮಾನವಿಡೀ ಸರ್ಕಾರಿ ಇಂಗ್ಲಿಷ್ ಪತ್ರ ಓದಿದವರು ಅವರು. ಮಾತಾಡಲು ಬಾರದು, ಆದರೆ ಯಾವುದು ಬಿಟ್ಟುಹೋಯಿತು ಎಂದು ಚೆನ್ನಾಗಿ ತಿಳಿಯುತ್ತದೆ.

“ಸಹಿ ಎಲ್ಲಿ ಹೋತು? ನೀ ಪೂರಾ ಹೇಳಲಿಲ್ಲ,” ಎಂದರು.

ಪೂರಾ ಹೇಳಿದೆ. ಸಹಿ ಎಂದ ಕೂಡಲೇ ಹುಡುಗಿಯ ನಗು ಹೋಯಿತು. ಗದಗಿನ ಗುಮಾಸ್ತರಿರಲಿ, ಲಾಸ್ ಏಂಜಲೀಸಿನ ಗುಮಾಸ್ತರಿರಲಿ, ಬಾಯಲ್ಲಿ ಹತ್ತು ಸಲ ಆಗುವುದಿಲ್ಲ ಎನ್ನಬಲ್ಲರು. ಬರೆದು ಸಹಿ ಮಾಡು ಎಂದರೆ ಕಾಯ್ದೆ ನೆನಪಾಗುತ್ತದೆ. ಅವಳು ಮೇಲಿನವರನ್ನು ಕರೆತರಲು ಹೋದಳು. ಅಷ್ಟರಲ್ಲಿ ಕಾಕು ಚೀಲದಿಂದ ಸರ್ಟಿಫಿಕೇಟ್ ತೆಗೆದು ಸೆರಗಿನಿಂದ ಒರೆಸಿ ಮಡಿಲಲ್ಲಿ ಇಟ್ಟುಕೊಂಡರು.

ಬಂದವರು ಐವತ್ತರ ಹೆಂಗಸು, ಕುತ್ತಿಗೆಗೆ ಕನ್ನಡಕ ತೂಗುಹಾಕಿಕೊಂಡವರು. ಸರ್ಟಿಫಿಕೇಟ್ ನೋಡಿದರು, ಬೆರಳಿನಿಂದ ಪ್ಲಾಸ್ಟಿಕ್ ಮೇಲೆ ತಟ್ಟಿದರು. ಲ್ಯಾಮಿನೇಟ್ ಮಾಡಿದ ಪ್ರತಿ ಸಾಮಾನ್ಯವಾಗಿ ನಡೆಯುವುದಿಲ್ಲ, ಉಬ್ಬುಮುದ್ರೆ ಕೈಗೆ ಸಿಗಬೇಕು ಎಂದರು. ನಾನು ಇದನ್ನು ಕಾಕುವಿಗೆ ಹೇಳಬೇಕಾಯಿತು. ಅವರ ಬಾಳಿನಲ್ಲಿ ಅಂಥ ಕೆಟ್ಟ ಸುದ್ದಿಯನ್ನು ಅದಕ್ಕೆ ಮುಂಚೆ ಒಂದೆರಡು ಸಲ ಮಾತ್ರ ಕೇಳಿದ್ದಿರಬೇಕು. ಆದರೆ ಆ ಹೆಂಗಸು ಮಾತು ಮುಂದುವರಿಸಿದರು. ಈ ಸರ್ಟಿಫಿಕೇಟಿನ ಅಗತ್ಯವೇ ಇಲ್ಲ. ಮದುವೆಯಾದವರ ಮಗುವಿಗೆ ಇಬ್ಬರೂ ಪಾಲಕರು, ಈ ರಾಜ್ಯದ ಕಾನೂನು ಅಷ್ಟೇ. ಹೊಸಬಳು ಬೇರೆ ಪ್ರಸಂಗದ ನಿಯಮವನ್ನು ಇಲ್ಲಿಗೆ ಹಚ್ಚಿದ್ದಾಳೆ. ಕ್ಷಮಿಸಿ.

ಕಾಕು ಎಲ್ಲವನ್ನೂ ಕೇಳಿಸಿಕೊಂಡು ಎದುರಿನ ಕೋಣೆಯ ಕಡೆ ಕೈ ತೋರಿಸಿದರು. ಅಲ್ಲಿ ಹೊಸದಾಗಿ ತಂದೆಯಾದ ಒಬ್ಬ ಟೋಪಿಯವನು ಬರ್ಗರ್ ತಿನ್ನುತ್ತಿದ್ದ.

“ಆ ಮನಶ್ಯಾಗ ಕೋರ್ಟಿನ ಆರ್ಡರ್ ಕೇಳಿದ್ಲೇನು?”

ಈ ಸಲ ನಾನು ಒಂದಕ್ಷರ ಬಿಡದೆ ಹೇಳಿದೆ. ಹುಡುಗಿ ತಲೆ ತಗ್ಗಿಸಿದಳು. ಇಲ್ಲ, ಕೇಳಲಿಲ್ಲ ಎಂದು ಆ ಹೆಂಗಸೇ ಉತ್ತರಿಸಿದರು. ಅವರ ಎದುರೇ ಎರಡನೆಯ ಸಾಲಿನಲ್ಲಿ ಮೇಘನಾಳ ಹೆಸರು ಬರೆಯಲಾಯಿತು. ಕಾಕು ಕಾಗುಣಿತವನ್ನು ಎರಡು ಸಲ ಪರೀಕ್ಷಿಸಿದರು. ಹೋಗುವಾಗ ಆ ಹುಡುಗಿಗೆ ಒಂದು ಅಂಟಿನ ಉಂಡಿ ಕೊಟ್ಟರು. ಅವಳು ಅದನ್ನು ಏನು ಮಾಡಿದಳೋ ತಿಳಿಯದು.

ಆವತ್ತು ಮಧ್ಯಾಹ್ನ ನಾನೂ ಕಾಕುವೂ ಬಟ್ಟೆಬರೆ ತರಲೆಂದು ಸ್ಯಾನ್ ಡಿಯೇಗೋಗೆ ವಾಪಸ್ ಹೊರಟೆವು. ಬಲಕ್ಕೆ ಸಮುದ್ರ, ಮುಂದೆ ಎಂದಿನಂತೆ ಟ್ರಾಫಿಕ್. ನಾನು ಉತ್ಸಾಹದಲ್ಲಿದ್ದೆ. ಕಾಕು, ನೀವು ಇವತ್ತು ಲಾಯರ್‌ಗಳು ಮಾಡದ ಕೆಲಸ ಮಾಡಿದಿರಿ ಎಂದು ಹೊಗಳಿದೆ. ಸ್ವಲ್ಪ ದೂರ ಹೋದ ಮೇಲೆ, ನಾನು ಕೇಳದಿದ್ದರೂ, ಅವರು ಒಂದು ವಿಷಯ ಹೇಳಿದರು.

ಮೇಘನಾ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ಒಂದು ದಿನ ಕಚೇರಿಗೆ ಇಬ್ಬರು ಹೆಂಗಸರು ಬಂದರಂತೆ. ಒಬ್ಬಾಕೆ ಬಟ್ಟೆ ಹೊಲಿಯುವವಳು, ಇನ್ನೊಬ್ಬಾಕೆ ನರ್ಸ್. ಮದುವೆ ನೋಂದಣಿಗೆ ಏನೇನು ಬೇಕು ಎಂದು ಕೇಳಿದರು. ಕಾಕು ಪಟ್ಟಿ ಹೇಳಿದರು: ಫೋಟೋ, ವಯಸ್ಸಿನ ದಾಖಲೆ, ಮೂರು ಜನ ಸಾಕ್ಷಿ. ಹುಡುಗ ಎಲ್ಲಿ ಎಂದು ಕೇಳಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು, ಹೊಲಿಯುವಾಕೆ ನಾವಿಬ್ಬರೇ ಎಂದಳು. ಕಾಕುವಿಗೆ ಮೊದಲು ತಿಳಿಯಲಿಲ್ಲ, ತಿಳಿದಾಗ ನಕ್ಕುಬಿಟ್ಟರು. ಅವರು ನಕ್ಕದ್ದು ಕೇಳಿ ಪಕ್ಕದ ಮೇಜಿನವರು ನಕ್ಕರು, ಸ್ಟಾಂಪ್ ಮಾರುವವನು ನಕ್ಕ, ಜವಾನ ನಕ್ಕ. ಆ ಇಬ್ಬರೂ ಕಾಗದದ ಚೀಲ ಎತ್ತಿಕೊಂಡು ಹೊರಟುಹೋದರು.

ಅದು ಕಾನೂನಿನಲ್ಲೇ ಇರಲಿಲ್ಲವಲ್ಲ ಕಾಕು, ನೀವೇನು ಮಾಡಲಿಕ್ಕೆ ಆಗುತ್ತಿತ್ತು ಎಂದೆ.

“ಮಾಡಾಕ ಬರತಿರಲಿಲ್ಲ, ಖರೇ. ಆದ್ರ ಅರ್ಜಿ ತಗೊಂಡು, ಆಗೂದಿಲ್ಲ ಅಂತ ಬರದು ಕೊಡಬೇಕಿತ್ತು. ಅದು ನನ್ನ ಕೆಲಸ. ನಾ ನಕ್ಕೆ. ಈಗ ನೋಡು, ಅವರು ಬಂದಿದ್ರು ಅನ್ನಾಕ ಎಲ್ಲೂ ಒಂದು ಚೀಟಿ ಇಲ್ಲ.”



ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಬೇಸಿಗೆಯಲ್ಲಿ ದೇಶದ ದೊಡ್ಡ ಕೋರ್ಟು ಗರ್ಭಪಾತದ ಹಳೆಯ ತೀರ್ಪನ್ನು ಬದಿಗೆ ಸರಿಸಿತ್ತು, ಅಲ್ಲಿಯ ನ್ಯಾಯಮೂರ್ತಿಗಳಲ್ಲಿ ಒಬ್ಬರು ಇಂಥ ಮದುವೆಗಳಿಗೆ ಒಪ್ಪಿಗೆ ಕೊಟ್ಟ ತೀರ್ಪನ್ನೂ ಮತ್ತೆ ನೋಡಬೇಕು ಎಂಬರ್ಥದಲ್ಲಿ ಬರೆದಿದ್ದರು. ಮೇಘನಾಳ ಗೆಳತಿಯರೆಲ್ಲ ಲಾಯರ್‌ಗಳ ಬಾಗಿಲಲ್ಲಿದ್ದರು. ಇವರೂ ಹೋದರು. ಲಾಯರ್ ಹೇಳಿದ್ದು ಇಷ್ಟು: ಜನನ ಪ್ರಮಾಣಪತ್ರದಲ್ಲಿ ಹೆಸರಿದೆ, ಒಳ್ಳೆಯದು. ಆದರೆ ನಾಳೆ ಬೇರೆ ರಾಜ್ಯದಲ್ಲಿ ಮಗುವಿಗೆ ಏನಾದರೂ ಆದರೆ, ಅಲ್ಲಿ ಯಾರಾದರೂ ತಕರಾರು ತೆಗೆದರೆ, ಕಚೇರಿಯ ಕಾಗದಕ್ಕಿಂತ ಕೋರ್ಟಿನ ಆದೇಶ ಗಟ್ಟಿ. ಆದ್ದರಿಂದ ಮೇಘನಾ ಮಗುವನ್ನು ದತ್ತು ತೆಗೆದುಕೊಳ್ಳಲಿ.

ತನ್ನ ಮಗುವನ್ನು ತಾನೇ ದತ್ತು ತೆಗೆದುಕೊಳ್ಳುವುದು. ಮಾರಿಸೋಲ್ ಇದನ್ನು ತಮಾಷೆ ಮಾಡಿದಳು, ಹಾಗಾದರೆ ನಾನು ನನ್ನ ತಾಯಿಯನ್ನು ಲೀಸ್ ತೆಗೆದುಕೊಳ್ಳಬೇಕೇ ಎಂದಳು. ಮೇಘನಾ ನಗಲಿಲ್ಲ. ಹೊಕ್ಕುಳುಬಳ್ಳಿ ಬೀಳುವ ಮುಂಚಿನಿಂದ ಆ ಮಗುವಿನ ಲಂಗೋಟಿ ಬದಲಿಸುತ್ತಿರುವವಳು ನಾನು, ಯಾವ ಮುಖ ಇಟ್ಟುಕೊಂಡು ಅರ್ಜಿ ಹಾಕಲಿ ಎಂದು ಅಡುಗೆಮನೆಯಲ್ಲಿ ನಿಂತು ಕೂಗಾಡಿದಳು. ಅದು ಅವಮಾನ ಎಂದಳು. ನನಗೂ ಹಾಗೇ ಅನ್ನಿಸಿತು. ಕಾಕು ಮಗುವಿಗೆ ಎಣ್ಣೆ ತಿಕ್ಕುತ್ತ ಕೂತಿದ್ದವರು ತಲೆ ಎತ್ತಲಿಲ್ಲ.

“ನಮೂದು ಬ್ಯಾರೆ, ತೀರ್ಪು ಬ್ಯಾರೆ. ನಮೂದನ್ನ ನನ್ನಂಥ ಗುಮಾಸ್ತಿ ಹೊಡದು ಹಾಕಬಹುದು, ತೀರ್ಪು ಹೊಡದು ಹಾಕಾಕ ಬರೂದಿಲ್ಲ. ಅವಮಾನ ಆದ್ರ ಆಗಲಿ, ಅರ್ಜಿ ಹಾಕು.”

ಮೇಘನಾ ಅರ್ಜಿ ಹಾಕಿದಳು. ಡಿಸೆಂಬರಿನಲ್ಲಿ, ಇಂಥ ಮದುವೆಗಳನ್ನು ಎಲ್ಲ ರಾಜ್ಯಗಳೂ ಮಾನ್ಯ ಮಾಡಬೇಕೆಂದು ದೇಶದ ಸಂಸತ್ತು ಕಾಯ್ದೆ ಮಾಡಿತು. ನಮ್ಮ ಮನೆಯಲ್ಲಿ ಪಾಯಸವಾಯಿತು. ಕಾಕು ಮಾತ್ರ ಕಾಯ್ದೆಯ ಸಾರಾಂಶವನ್ನು ನನ್ನಿಂದ ಪೂರಾ ಓದಿಸಿಕೊಂಡು, ಬೇರೆ ರಾಜ್ಯದಲ್ಲಿ ಆದ ಮದುವೆಯನ್ನು ಒಪ್ಪಬೇಕು ಎಂದಿದೆ, ತಮ್ಮಲ್ಲೇ ಮದುವೆ ಮಾಡಿಸಬೇಕು ಎಂದು ಎಲ್ಲಿದೆ ಎಂದು ಕೇಳಿ, ಪಾಯಸಕ್ಕೆ ಸಕ್ಕರೆ ಕಡಿಮೆಯಾಗಿದೆ ಎಂದರು. ಕೋರ್ಟಿಗೆ ಹೋಗುವ ದಿನಕ್ಕೆಂದು ಅವರು ಇಳಕಲ್ ಸೀರೆಯೊಂದನ್ನು ಇಸ್ತ್ರಿ ಮಾಡಿ ಇಟ್ಟಿದ್ದರು. ಆದರೆ ಇಂಥ ಪ್ರಕರಣಕ್ಕೆ ವಿಚಾರಣೆಯೇ ಬೇಕಿಲ್ಲ ಎಂದು, ನ್ಯಾಯಾಧೀಶರ ಸಹಿಯಾದ ಆದೇಶ ಅಂಚೆಯಲ್ಲಿ ಬಂತು. ಕಾಕುವಿಗೆ ಸಂತೋಷವಾಯಿತೋ ನಿರಾಸೆಯಾಯಿತೋ ಹೇಳುವುದು ಕಷ್ಟ. ಆ ಸೀರೆಯನ್ನು ಉಟ್ಟುಕೊಂಡೇ ಲಕೋಟೆ ಒಡೆದರು. ಲ್ಯಾಮಿನೇಟ್ ಮಾಡಿಸಲಿಲ್ಲ.

ಆರು ತಿಂಗಳು ತುಂಬುವ ಮುಂಚೆ ಅವರು ಊರಿಗೆ ಹೋದರು. ಆಮೇಲೆ 2024ರ ಚುನಾವಣೆಯಲ್ಲಿ ಒಂದು ವಿಚಿತ್ರ ಪ್ರಶ್ನೆ ನಮ್ಮ ಬ್ಯಾಲಟ್ ಪೇಪರಿನಲ್ಲಿತ್ತು. ಗಂಡು ಹೆಣ್ಣಿನ ಮದುವೆ ಮಾತ್ರ ಮದುವೆ ಎಂಬ ಹಳೆಯ ಸಾಲೊಂದು ಕ್ಯಾಲಿಫೋರ್ನಿಯಾದ ಸಂವಿಧಾನದಲ್ಲಿ ಇನ್ನೂ ಹಾಗೇ ಬಿದ್ದಿತ್ತು. ಕೋರ್ಟುಗಳು ಅದರ ಹಲ್ಲು ಕಿತ್ತಿದ್ದವು, ಯಾರೂ ಅದನ್ನು ಎತ್ತಿ ಹೊರಗೆ ಹಾಕಿರಲಿಲ್ಲ. ಊಟದ ಟೇಬಲ್ಲಿನ ಮೇಲೆ ಬ್ಯಾಲಟ್ ಹರಡಿಕೊಂಡು ಓದುವಾಗ ನನ್ನ ಮಗ, ಅವನು ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವವನು, ಇಷ್ಟು ವರ್ಷ ಅದು ಅಲ್ಲೇ ಇತ್ತೇ ಎಂದು ಕೇಳಿದ. ಇತ್ತು. ನಾನು ಓದೇ ಇರಲಿಲ್ಲ. ಫೋನಿನಲ್ಲಿ ಕಾಕುವಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ರದ್ದಾದ ಕಾಗದ ಕಡತದಲ್ಲೇ ಉಳಿದರೆ ಯಾವನೋ ಒಬ್ಬ ಒಂದು ದಿನ ಅದನ್ನು ತೆಗೆದು ತೋರಿಸುತ್ತಾನೆ, ಹೋಗಿ ಓಟು ಹಾಕು ಎಂದರು. ಹಾಕಿದೆ. ಆ ಸಾಲು ಹೋಯಿತು.

ಪ್ರಿಂಟಿಂಗ್ ಅಂಗಡಿಯಿಂದ ಹೊರಬಂದು ಕಾರಿನಲ್ಲಿ ಕೂತೇ ಕಾಕುವಿಗೆ ಫೋನ್ ಮಾಡಿದೆ. ಅವರಿಗೆ ಪುರಸೊತ್ತಿರಲಿಲ್ಲ. ಕೆಲವು ತಿಂಗಳ ಹಿಂದೆ ಬ್ಯಾಂಕಿನವರು ನಾಮಿನಿ ಬದಲಾವಣೆಗೆ ವಂಶವೃಕ್ಷದ ಪ್ರಮಾಣಪತ್ರ ಕೇಳಿದ್ದರಂತೆ. ಕಾಕು ಅರ್ಜಿ ಹಾಕಿದರು. ಮಗಳು ಮೇಘನಾ, ಮೇಘನಾಳ ಸಂಗಾತಿ ಮಾರಿಸೋಲ್, ಅವರ ಮಗಳು ನೀಲಾ. ತಲಾಟಿ, ಎಂದರೆ ಗ್ರಾಮಲೆಕ್ಕಿಗ, ಅರ್ಜಿ ನೋಡಿ, ಅಳಿಯಾರು ಕ್ರಿಶ್ಚನ್ನರೇನ್ರಿ ಅಕ್ಕಾರ ಎಂದು ಕೇಳಿ, ಪ್ರಮಾಣಪತ್ರ ಬರೆಯಲು ಶುರುಮಾಡಿದ. ಗದಗಿನಲ್ಲಿ ಮಾರಿಸೋಲ್ ಗಂಡೋ ಹೆಣ್ಣೋ ಯಾರಿಗೆ ಗೊತ್ತು? ಸುಮ್ಮನಿದ್ದಿದ್ದರೆ ಸಹಿ, ಸೀಲು ಎಲ್ಲ ಬೀಳುತ್ತಿತ್ತು. ಕಾಕು ಅವನ ಕೈ ತಡೆದು, ಅಳಿಯ ಅಲ್ಲಪ್ಪ, ಹೆಣ್ಣುಮಗಳು, ಸರಿಯಾಗಿ ಬರಿ ಎಂದರಂತೆ. ಅವನು ಪೆನ್ನು ಕೆಳಗಿಟ್ಟ. ಹದಿನೈದು ದಿನಕ್ಕೆ ಅರ್ಜಿ ತಿರಸ್ಕಾರವಾಯಿತು, ಬರವಣಿಗೆಯಲ್ಲಿ. ಅದರ ಮೇಲೆ ಕಾಕು ತಹಶೀಲ್ದಾರರಿಗೆ ಮೇಲ್ಮನವಿ ಹಾಕಿದ್ದಾರೆ.

“ನೀ ಮದವಿಗೆ ಸಾಕ್ಷಿ ಇದ್ದೀಯಲ್ಲ, ಒಂದು ಅಫಿಡವಿಟ್ ಮಾಡಿ ಕಳಸು. ಇಲ್ಲೆ ನಮ್ಮ ಮಂದಿ ಎಲ್ಲಾ ಓದತಾರ, ಅದಕ್ಕ ಮನಸ್ಸಿದ್ರಷ್ಟ ಮಾಡು,” ಎಂದರು.

ನಾನು ಮತ್ತೆ ಅಂಗಡಿಯೊಳಗೆ ಹೋದೆ. ಅಲ್ಲಿ ನೋಟರಿಯೂ ಇದ್ದಾರೆ. ಬಿಳಿಯ ಹಾಳೆ ಕೇಳಿ ತೆಗೆದುಕೊಂಡು, ತಹಶೀಲ್ದಾರರು ಓದಲಿ ಎಂದು ಮೇಲೆ ಕನ್ನಡದಲ್ಲೂ, ನೋಟರಿ ಓದಲಿ ಎಂದು ಕೆಳಗೆ ಇಂಗ್ಲಿಷಿನಲ್ಲೂ ಬರೆದೆ: ಮೇಘನಾ ನನ್ನ ಚಿಕ್ಕಪ್ಪನ ಮಗಳು, ಮಾರಿಸೋಲ್ ಅವಳ ಹೆಂಡತಿ, ಇಬ್ಬರ ಮದುವೆಯನ್ನು ನಾನು ಎದುರಿಗೆ ನಿಂತು ನೋಡಿದ್ದೇನೆ. ಪೂರ್ತಿ ಹೆಸರು, ತಂದೆಯ ಹೆಸರು, ಊರು, ಮನೆತನ ಎಲ್ಲ ಹಾಕಿದೆ. ಸಹಿ ಮಾಡುವಾಗ ಯಾರು ನೋಡುತ್ತಿದ್ದಾರೆ ಎಂದು ತಿರುಗಿ ನೋಡುವ ನೆನಪೇ ಆಗಲಿಲ್ಲ.

ಗೆಲ್ಲುತ್ತೀರಾ ಎಂದು ಫೋನಿಡುವ ಮುಂಚೆ ಕಾಕುವನ್ನು ಕೇಳಿದ್ದೆ. ಸೋಲುತ್ತೇನೆ, ಆಮೇಲೆ ಅಸಿಸ್ಟೆಂಟ್ ಕಮಿಷನರ ಹತ್ತಿರ ಹೋಗುತ್ತೇನೆ ಎಂದರು. ಮುಂದಿನ ತಿಂಗಳ ಮೊದಲ ಸೋಮವಾರ ಬೆಳಗ್ಗೆ ವಿಚಾರಣೆ. ಜವಾನ ಬಾಗಿಲಿಗೆ ಬಂದು, ಗದಗಿನ ಆ ಕಾರಿಡಾರಿನಲ್ಲಿ ಕೂತ ಅಷ್ಟೂ ಜನಕ್ಕೆ ಕೇಳುವ ಹಾಗೆ, ಪ್ರಕರಣದ ಹೆಸರುಗಳನ್ನು ಮೂರು ಸಲ ಕೂಗಬೇಕು. ಅದು ನಿಯಮ. ಮಾರಿಸೋಲ್ ಎಂಬುದನ್ನು ಹೇಗೆ ಹೇಳಬೇಕೆಂದು ಕಾಕು ಈಗಾಗಲೇ ಅವನಿಗೆ ಹೇಳಿಕೊಟ್ಟಿದ್ದಾರಂತೆ.